ಕಚ್ಚದ ಒಂದು ಚಡ್ಡಿಗಾಗಿ

ಹತ್ತೊಂಬತ್ತು ವರ್ಷ ನಾನು ಶಹಾಪುರದ ನಮ್ಮ ಅಂಗಡಿಯಲ್ಲಿ ಹೆಂಗಸರಿಗೆ ಒಳಉಡುಪು ಮಾರಿದ್ದೇನೆ. ಗಿರಾಕಿ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು ಗಾದಿಯ ಮೇಲೆ ಕೂರುವಷ್ಟರಲ್ಲಿ ಅವಳ ಅಳತೆ ನನಗೆ ಗೊತ್ತಾಗುತ್ತಿತ್ತು. ಟೇಪು ಹಿಡಿದವಳೇ ಅಲ್ಲ. ಬಂದವಳು ಗಲ್ಲಾದ ಹತ್ತಿರ ಕೂತ ನಮ್ಮ ಯಜಮಾನರ ಕಡೆ ಒಮ್ಮೆ ಕಣ್ಣು ಹಾಯಿಸಿ, "ಅಕ್ಕಾರ, ಒಳಗಿಂದು ಕೊಡ್ರಿ" ಎಂದು ಪಿಸುಗುಡುತ್ತಾಳೆ. ನಾನು ಡಬ್ಬಿ ತೆಗೆದು, ಟವೆಲ್ಲಿನ ಅಡಿಯಲ್ಲೇ ತೋರಿಸಿ, ಹಳೆ ಪೇಪರಿನಲ್ಲಿ ಸುತ್ತಿ ಕೊಡುತ್ತೇನೆ. ಹಾಕಿ ನೋಡುವಂತಿಲ್ಲ, ತಿರುಗಿ ತರುವಂತಿಲ್ಲ. ಬಿಗಿಯಾಯಿತು, ಚುಚ್ಚಿತು ಎಂದು ಒಬ್ಬಳೂ ಬಂದು ಹೇಳಿದ್ದಿಲ್ಲ. ಹೇಳದಿದ್ದರೆ ಸರಿಯಾಗಿದೆ ಎಂದೇ ಅರ್ಥ ಅಂತ ನಾನು ತಿಳಿದಿದ್ದೆ. ಆ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ತನಗೆಂದು ಏನೂ ಕೇಳದ ಗಿರಾಕಿಯೆಂದರೆ ಕೊಂಕಲ್‌ನ ಮಲ್ಲಮ್ಮ ಒಬ್ಬಳೇ. ವರ್ಷಕ್ಕೆ ಮೂರು ಸಲ ಬರುತ್ತಿದ್ದಳು. "ಮನಿಯವರಿಗೆ ಪಟ್ಟಾಪಟ್ಟಿ ಚಡ್ಡಿ ಬೇಕ್ರಿ ಅಕ್ಕಾರ, ನೂರಾ ಹತ್ತರದು" ಎನ್ನುತ್ತಿದ್ದಳು. ಪಟ್ಟಾಪಟ್ಟಿ ಅಂದರೆ ಗಂಡಸರು ಧೋತರದ ಒಳಗೆ ಹಾಕುವ, ಮೊಣಕಾಲಿನವರೆಗೆ ಬರುವ ಪಟ್ಟೆಪಟ್ಟೆಯ ಸಡಿಲ ಚಡ್ಡಿ. ನೂರಾ ಹತ್ತು ನಮ್ಮ ಅಂಗಡಿಯಲ್ಲಿ ಎಲ್ಲಕ್ಕಿಂತ ದೊಡ್ಡ ಸೈಜು. ಅವಳ ಗಂಡನನ್ನು ನಾನು ನೋಡಿರಲಿಲ್ಲ. ದೊಡ್ಡ ಹೊಟ್ಟೆಯ, ಉಂಡು ತೇಗುತ್ತ ಕೂರುವ ಒಬ್ಬ ಮನುಷ್ಯನನ್ನು ಮನಸ್ಸಿನಲ್ಲೇ ಮಾಡಿಟ್ಟುಕೊಂಡಿದ್ದೆ. "ನಿಮ್ಮನಿಯವರು ಆರಾಮ ಇದ್ದಾರೇನು?" ಎಂದರೆ "ಹ್ಞೂಂ, ಇದ್ದಾರ್ರಿ" ಎಂದು ಸೆರಗು ಎಳೆದುಕೊಂಡು ಎದ್ದುಬಿಡುತ್ತಿದ್ದಳು.

ನನಗೆ ನಲವತ್ತಾರು ತುಂಬಿದ ವರ್ಷ ಗರ್ಭಕೋಶದ ಬಾಯಿಯಲ್ಲಿ ಕ್ಯಾನ್ಸರ್ ಕಾಣಿಸಿತು. ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಗರ್ಭಕೋಶದ ಜೊತೆಗೆ ಕಿಬ್ಬೊಟ್ಟೆಯ ಒಳಗಿನ ಗ್ರಂಥಿಗಳನ್ನೂ ತೆಗೆದರು, ಆಮೇಲೆ ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟರು. ಆ ದಿನಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸಾಯುತ್ತೇನೆ ಎಂದು ಹೆದರಿದ್ದೆ, ಸಾಯಲಿಲ್ಲ. ಊರಿಗೆ ಬಂದು ಗಾದಿಯ ಮೇಲೆ ನನ್ನ ಜಾಗದಲ್ಲಿ ಕೂತ ದಿನ ನಮ್ಮ ಅತ್ತೆ ಗಿರಾಕಿಗಳಿಗೆಲ್ಲ ಬೆಲ್ಲ ಕೊಟ್ಟಿದ್ದರು.

ಒಂದೂವರೆ ವರ್ಷದ ಮೇಲೆ ಎಡಗಾಲು ದಪ್ಪಗಾಗತೊಡಗಿತು. ಮೊದಲು ಗೊತ್ತಾದದ್ದು ಕಾಲುಂಗುರದಿಂದ. ಬೆಳ್ಳಿ ಬೆರಳಿನೊಳಗೆ ಹೂತುಹೋಯಿತು. ಸೋಪು ಹಚ್ಚಿದೆವು, ಎಣ್ಣೆ ಹಚ್ಚಿದೆವು, ಬರಲಿಲ್ಲ. ಕೊನೆಗೆ ಬೆಳ್ಳಿ ಬಂಗಾರದ ಕೆಲಸದ ಪತ್ತಾರ ಮನೆಗೇ ಬಂದು ಸಣ್ಣ ಕತ್ತರಿಯಲ್ಲಿ ಕತ್ತರಿಸಿ ತೆಗೆದ. ಗಂಡ ಬದುಕಿರುವಾಗ ಕಾಲುಂಗುರ ಕತ್ತರಿಸುವುದೆಂದರೆ ನಮ್ಮಲ್ಲಿ ಸಣ್ಣ ಮಾತಲ್ಲ. ಅತ್ತೆ ಕಣ್ಣೀರು ಒರೆಸಿಕೊಂಡು, ಬಲಗಾಲಿನ ಉಂಗುರಗಳನ್ನು ತಾವೇ ಮುಟ್ಟಿ ನೋಡಿ, "ಇರ್ಲಿ ಬಿಡು, ಒಂದ ಕಾಲಾಗರ ಅದಾವಲ್ಲ. ಅಷ್ಟ ಸಾಕು" ಎಂದರು. ಅಂದಿನಿಂದ ಒಂದೇ ಕಾಲಿಗೆ ಉಂಗುರ.

ಆಮೇಲೆ ಬಾವು ತೊಡೆಗೆ ಏರಿತು, ತೊಡೆಸಂದಿಗೂ, ಅದರ ಒಳಗಿನ ಹೇಳಲಾಗದ ಜಾಗಕ್ಕೂ ಬಂತು. ಓಣಿಯ ಮಂದಿ ನೋಡಿದವರೇ "ಆನೆಕಾಲು" ಎಂದರು. ಈ ಕಡೆಯ ಹಳ್ಳಿಗಳಲ್ಲಿ ಸೊಳ್ಳೆಯಿಂದ ಬರುವ ಆನೆಕಾಲು ಎಲ್ಲರೂ ಕಂಡದ್ದೇ. ನನಗೆ ಮಾತ್ರ ಮೈ ಉರಿಯುತ್ತಿತ್ತು. "ನಂದು ಆನೆಕಾಲಲ್ಲ, ಆಪರೇಷನ್ನಿಂದ ಬಂದಿದ್ದು" ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ. ಅದರಲ್ಲೇನು ದೊಡ್ಡಸ್ತಿಕೆ ಇತ್ತೋ ಈಗ ನನಗೇ ತಿಳಿಯುವುದಿಲ್ಲ.

ಕಲಬುರಗಿಗೆ ಹೋದೆವು. ಕಾಯುವ ಕೋಣೆಯಲ್ಲಿ ಕಬ್ಬಿಣದ ಬೆಂಚು. ಕೂತರೆ ಚಡ್ಡಿಯ ಇಲಾಸ್ಟಿಕ್ ತೊಡೆಸಂದಿನಲ್ಲಿ ಕೊರೆಯುತ್ತಿತ್ತು, ಹಾಗಾಗಿ ಗೋಡೆ ಹಿಡಿದು ನಿಂತೇ ಇದ್ದೆ. ಪಕ್ಕದ ಬೆಂಚಿನಲ್ಲಿದ್ದ ರಾಯಚೂರಿನ ಒಬ್ಬ ಮುದುಕಿ, ಅವಳ ಕಾಲೂ ನನ್ನ ಹಾಗೇ, ತನ್ನ ಚೀಲ ಸರಿಸಿ, "ಬಾರಮ್ಮ, ಒಂದ ಕುಂಡಿ ಮ್ಯಾಲ ಕೂಡು. ನಾನೂ ಹಂಗ ಕೂತೀನಿ" ಎಂದಳು. ಇಬ್ಬರೂ ಒಂದೇ ಕಡೆ ವಾಲಿಕೊಂಡು ಎರಡು ಗಂಟೆ ಕೂತೆವು. ಆಕೆಯ ಹೆಸರು ಕೇಳಲಿಲ್ಲವಲ್ಲ ಎಂದು ಈಗಲೂ ಅನ್ನಿಸುತ್ತದೆ.

ಇದಕ್ಕೆ ಲಿಂಫೆಡೀಮಾ ಎನ್ನುತ್ತಾರೆ, ಪೂರ್ತಿ ಹೋಗುವುದಿಲ್ಲ, ಹದ್ದುಬಸ್ತಿನಲ್ಲಿ ಇಟ್ಟುಕೊಳ್ಳಬೇಕು ಎಂದು ಡಾಕ್ಟರು ಹೇಳಿದರು. ಫಿಜಿಯೋಥೆರಪಿಯ ಹುಡುಗಿ ಕಾಲಿಗೆ ಪಟ್ಟಿ ಸುತ್ತುವುದು, ಚರ್ಮ ಕಾಪಾಡಿಕೊಳ್ಳುವುದು ಎಲ್ಲ ಕಲಿಸಿ, ತೊಡೆಯವರೆಗೆ ಬರುವ ಬಿಗಿ ಸಾಕ್ಸಿಗೆ ಅಳತೆ ತೆಗೆದುಕೊಂಡಳು. ನಾನು ಅವಳನ್ನು ಕೇಳಿದ್ದು ಒಂದೇ ಮಾತು: ಮುಂಜಾನೆ ಹತ್ತರಿಂದ ಸಂಜೆ ಎಂಟರವರೆಗೆ ಅಂಗಡಿಯಲ್ಲಿ ಕೂರಲು ಆಗುತ್ತದೋ ಇಲ್ಲವೋ?

"ಆಗತದ ರಿ. ನಡುವೆ ನಡುವೆ ಎದ್ದು ಅಡ್ಡಾಡಬೇಕು. ಕಾಲಿಗೆ ಸಾಕ್ಸ್ ನಾ ಕೊಡ್ತೀನಿ, ಒಳಗಿನ ಚಡ್ಡಿ ಮಾತ್ರ ನೀವ ಹುಡುಕಬೇಕು. ಅದು ನಿಮ್ಮನ್ನ ಹಿಡಿಬೇಕು, ಕಚ್ಚಬಾರದು. ಬಿಚ್ಚಿದಾಗ ಚರ್ಮದ ಮ್ಯಾಲ ಗೆರಿ ಕಂಡ್ರ ಅದು ನಿಮ್ಮದಲ್ಲ ಅಂತ ತಿಳೀರಿ."

"ನಮ್ಮದು ಅದರದ ಅಂಗಡಿ ಅದವ್ವ" ಎಂದು ನಕ್ಕೆ.

ಮರುದಿನ ಯಜಮಾನರು ಊಟಕ್ಕೆ ಹೋದಾಗ ಅಂಗಡಿಯ ಬಾಗಿಲು ಅರ್ಧ ಎಳೆದು, ಹಿಂದಿನ ಕೋಣೆಯಲ್ಲಿ ನಮ್ಮಲ್ಲಿದ್ದ ಡಬ್ಬಿಗಳನ್ನೆಲ್ಲ ಬಿಚ್ಚಿ ಒಂದೊಂದಾಗಿ ಹಾಕಿ ನೋಡಿದೆ. ಹತ್ತೊಂಬತ್ತು ವರ್ಷದಲ್ಲಿ ನಮ್ಮ ಅಂಗಡಿಯಲ್ಲಿ ಹಾಕಿ ನೋಡಿದ ಮೊದಲ ಗಿರಾಕಿ ನಾನೇ. ನನ್ನ ಸೈಜಿನದು ತೊಡೆಯನ್ನು ದಾರ ಕಟ್ಟಿದಂತೆ ಕೊರೆಯಿತು. ದೊಡ್ಡದು ಸೊಂಟದಲ್ಲಿ ಜಾರಿ, ಬಟ್ಟೆಯೆಲ್ಲ ಮುದ್ದೆಯಾಗಿ ತೊಡೆಸಂದಿಗೇ ಹೋಗಿ ಕೂತಿತು. ಇನ್ನೂ ದೊಡ್ಡದು ಇನ್ನೂ ಕೆಟ್ಟದು. ಒಂದಕ್ಕೆ ಅಂಚಿನಲ್ಲಿ ಲೇಸು, ಇನ್ನೊಂದಕ್ಕೆ ಚುಚ್ಚುವ ಲೇಬಲ್ಲು. ದೀಪದ ಬುಡದಲ್ಲೇ ಕತ್ತಲು ಅನ್ನುವುದು ಇದಕ್ಕೇ. ತೊಡೆಯ ಮೇಲಿನ ಕೆಂಪು ಗೆರೆಗಳನ್ನು ನೋಡುತ್ತ, ಇಂಥ ಗೆರೆ ಹೊತ್ತುಕೊಂಡು ನನ್ನಿಂದ ಎಷ್ಟು ಮಂದಿ ಮನೆಗೆ ಹೋಗಿರಬಹುದು ಎಂಬ ವಿಚಾರ ಮೊದಲ ಬಾರಿಗೆ ಬಂತು.

ಬುದ್ಧಿ ಮಾತ್ರ ಬರಲಿಲ್ಲ. ಸುರಪುರದ ನನ್ನ ತವರಿನಲ್ಲಿ ಬಸುರಿಯಾಗಿದ್ದ ತಂಗಿಯ ಮಗಳ ಕುಬಸ, ಅಂದರೆ ಸೀಮಂತ ಇತ್ತು. ಬಿಗಿಯಿದ್ದಷ್ಟೂ ಆಧಾರ ಎಂದುಕೊಂಡು, ಹೊಟ್ಟೆ ಒಳಗೆ ಒತ್ತುವ ದಪ್ಪ ಚಡ್ಡಿಯೊಂದನ್ನು ಏರಿಸಿಕೊಂಡು ಬಸ್ಸು ಹತ್ತಿದೆ. ಜಮಖಾನದ ಮೇಲೆ ಹೆಂಗಸರ ನಡುವೆ ಕೂತು ಆರತಿ ಹಾಡು ಮುಗಿಯುವಷ್ಟರಲ್ಲಿ ತೊಡೆಸಂದಿನಲ್ಲಿ ಬೆಂಕಿ ಇಟ್ಟಂತಾಗಿತ್ತು. ಎದುರು ಕೂತಿದ್ದ ಚಿಕ್ಕಪ್ಪನ ಮಗಳು ನನ್ನ ಪಾದ ನೋಡಿ, "ಆನೆಕಾಲೇನ ನೀಲಕ್ಕ?" ಎಂದಳು. "ಅಲ್ಲ ಅಂತ ಎಷ್ಟ ಸಲ ಹೇಳಬೇಕು ನಿನಗ" ಎಂದು ಸಿಡುಕಿ, ಎದ್ದು ಒಳಕೋಣೆಗೆ ಹೋಗಿ, ಆ ಚಡ್ಡಿ ಬಿಚ್ಚಿ ಕೈಚೀಲಕ್ಕೆ ತುರುಕಿದೆ. ಸುರಪುರ ಬಸ್ ಸ್ಟ್ಯಾಂಡಿನ ಗಾಳಿಗೆ ಎರಡೂ ಕೈಯಲ್ಲಿ ಸೀರೆಯ ನಿರಿಗೆ ಹಿಡಿದುಕೊಂಡು ನಿಂತಿದ್ದನ್ನು ನೆನೆದರೆ ಈಗ ನಗು ಬರುತ್ತದೆ. ಅವತ್ತು ಶಹಾಪುರದವರೆಗೆ ಅಳುತ್ತಲೇ ಬಂದೆ. ಇನ್ನು ಅಂಗಡಿಯ ಜಾಗ ನನ್ನದಲ್ಲ ಎಂದು ಆ ಬಸ್ಸಿನಲ್ಲೇ ಅಂದುಕೊಂಡೆ.

ನಾಲ್ಕು ದಿನಕ್ಕೆ ಜ್ವರ ಬಂತು. ಮೈ ನಡುಕ, ಕಾಲು ಕೆಂಪಗೆ ಕಾದ ಹಂಚು. ಯಾದಗಿರಿಯ ಆಸ್ಪತ್ರೆಯಲ್ಲಿ ಐದು ದಿನ ಸಲೈನು, ಸೂಜಿ. ಅಲ್ಲಿಯ ಲೇಡಿ ಡಾಕ್ಟರು ತೊಡೆಸಂದಿನ ಚರ್ಮ ಬಿಡಿಸಿ ನೋಡಿ, ಬೂಷ್ಟು ಹಿಡಿದು ಸೀಳಿದೆ, ಸೋಂಕು ಒಳಗೆ ಹೋಗಿದ್ದು ಅಲ್ಲಿಂದಲೇ ಎಂದರು. ಆಮೇಲೆ ನಾನು ಎಣಿಸದ ಒಂದು ಪ್ರಶ್ನೆ ಕೇಳಿದರು.

"ಚಡ್ಡಿ ಎಲ್ಲಿ ಒಣಗ ಹಾಕ್ತೀರಿ?"

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಗೋಡೆ ನೋಡಿದರು. "ಬಚ್ಚಲದಾಗ ರಿ. ಲಂಗಾದ ಕೆಳಗ" ಎಂದೆ.

ಹನ್ನೆರಡನೇ ವಯಸ್ಸಿನಲ್ಲಿ ಅವ್ವ ಕಲಿಸಿದ್ದು ಅದು. ಒಳಗಿನದು ಗಂಡಸರ ಕಣ್ಣಿಗೆ ಬೀಳಬಾರದು. ಮೊದಲು ಚಡ್ಡಿ ಹರವಬೇಕು, ಅದರ ಮೇಲೆ ಲಂಗ ಹರವಬೇಕು. ಮಳೆಗಾಲದಲ್ಲಿ ಎರಡು ದಿನವಾದರೂ ಒಣಗುತ್ತಿರಲಿಲ್ಲ. ಹಸಿಯಾಗಿದ್ದನ್ನೇ ಏರಿಸಿಕೊಂಡು ಹೋಗುತ್ತಿದ್ದೆವು. ಮೂವತ್ತೈದು ವರ್ಷ ನನ್ನ ಚಡ್ಡಿಗಳು ಸೂರ್ಯನನ್ನು ಕಂಡಿರಲಿಲ್ಲ.

"ಈ ಬಿಸಿಲಿಗೆ ಇಡೀ ರಾಜ್ಯ ನಮಗ ಅಯ್ಯೋ ಪಾಪ ಅಂತದ" ಎಂದರು ಡಾಕ್ಟರು. "ನೀವು ಅದನ್ನ ಒಂದ ದಿನನೂ ಉಪಯೋಗ ಮಾಡ್ಕೊಂಡಿಲ್ಲ ನೋಡ್ರಿ."

ಮನೆಗೆ ಬಂದ ಮರುದಿನ ಮುಂಜಾನೆ ಅತ್ತೆ, ಎಪ್ಪತ್ನಾಲ್ಕರ ಮುದುಕಿ, ಮೆಟ್ಟಿಲು ಹಿಡಿದು ಮಾಳಿಗೆ ಹತ್ತಿದರು. ಹಿಂದಿನ ಹಗ್ಗ ಬಿಟ್ಟು, ಬಿಸಿಲು ಚೆನ್ನಾಗಿ ಬೀಳುವ ರಸ್ತೆ ಕಡೆಯ ಹಗ್ಗಕ್ಕೆ ನನ್ನ ಚಡ್ಡಿಗಳನ್ನು ಸಾಲಾಗಿ ಹಾಕಿ ಕ್ಲಿಪ್ಪು ಸಿಕ್ಕಿಸಿದರು. ಎದುರು ಮನೆಯಾಕೆ ಬಾಯಿಗೆ ಸೆರಗು ಇಟ್ಟುಕೊಂಡು, "ಅಯ್ಯ, ಇದೇನ್ರೀ ದೊಡ್ಡಮ್ಮ, ಬಜಾರಕ್ಕ ಇಟ್ಟಂಗ ಇಟ್ಟೀರಿ?" ಎಂದು ಕೂಗಿದ್ದು ನನಗೆ ಒಳಗೆ ಮಲಗಿದ್ದಲ್ಲಿಗೇ ಕೇಳಿತು.

"ನಮ್ಮ ಸೊಸಿ ಔಷಧ ಐತಿ ಇದು. ಒಣಗಾಕತ್ತದ" ಎಂದರು ಅತ್ತೆ.

ಆಸ್ಪತ್ರೆಯಲ್ಲಿ ಅಳದವಳು ಆ ಮಾತಿಗೆ ಅತ್ತುಬಿಟ್ಟೆ.

ಚರ್ಮವೇನೋ ವಾಸಿಯಾಯಿತು, ಹಾಕುವುದೇನು ಎಂಬ ಪ್ರಶ್ನೆ ಇದ್ದಲ್ಲೇ ಇತ್ತು. ಒಂದು ದಿನ ಬೇರೇನೂ ತೋಚದೆ ಯಜಮಾನರ ಪಟ್ಟಾಪಟ್ಟಿ ಚಡ್ಡಿ ಏರಿಸಿಕೊಂಡೆ. ತೊಡೆಯಲ್ಲಿ ಇಲಾಸ್ಟಿಕ್ ಇಲ್ಲ, ಹತ್ತಿ ಬಟ್ಟೆ, ಗಾಳಿ ಆಡುತ್ತದೆ. ಹೊಲಿಗೆ ಚುಚ್ಚಿದ್ದಕ್ಕೆ ತಿರುವಿ ಹಾಕಿಕೊಂಡೆ, ಅದೂ ನಿಂತಿತು. ಎಷ್ಟೋ ತಿಂಗಳ ಮೇಲೆ ಅಂದು ಕೂತು ಊಟ ಮಾಡಿದೆ. ದಿನಾ ಒಂದೊಂದು ಕದಿಯುವುದು ಶುರುವಾಯಿತು. ವಾರದ ಮೇಲೆ ಯಜಮಾನರು ಸ್ನಾನ ಮುಗಿಸಿ, ಟವೆಲ್ಲು ಸುತ್ತಿಕೊಂಡು ಬಾಗಿಲಲ್ಲಿ ನಿಂತರು.

"ನನ್ನ ಚಡ್ಡಿ ಒಂದೂ ಇಲ್ಲಲ್ಲ, ಎಲ್ಲಿ ಹೋದ್ವು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನಾ ಹಾಕ್ಕೊಳ್ಳಾಕತ್ತೀನಿ" ಎಂದೆ.

ಅವರು ಟವೆಲ್ಲಿನ ಗಂಟು ಬಿಗಿ ಮಾಡಿಕೊಂಡರು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ನಾವು ಈ ವಿಷಯ ಮಾತಾಡಿದವರಲ್ಲ. ಮಾರಿದ್ದೆಷ್ಟೋ, ಮಾತಾಡಿದ್ದು ಸೊನ್ನೆ. "ಮೊದಲ ಹೇಳಬಾರದೇನು" ಎಂದಷ್ಟೇ ಹೇಳಿ ಒಳಗೆ ಹೋದರು. ಮಧ್ಯಾಹ್ನ ಊಟಕ್ಕೆ ಬರುವಾಗ ಅಂಗಡಿಯಿಂದ ಒಂದು ಡಬ್ಬಿ ತಂದು ಹಾಸಿಗೆಯ ಮೇಲಿಟ್ಟರು. ಇದ್ದುದರಲ್ಲೇ ಮೆತ್ತನೆಯ ಬಟ್ಟೆಯ ಪಟ್ಟಾಪಟ್ಟಿ, ಅರ್ಧ ಡಜನ್. ಲೇಬಲ್ಲುಗಳನ್ನೆಲ್ಲ ಬ್ಲೇಡಿನಿಂದ ಬಿಡಿಸಿ ತೆಗೆದಿದ್ದರು.

ಆದರೆ ಅದು ಕಚ್ಚುತ್ತಿರಲಿಲ್ಲ ನಿಜ, ಹಿಡಿಯುತ್ತಲೂ ಇರಲಿಲ್ಲ. ಸಂಜೆಯಾದರೆ ಬಾವು ಇಳಿಬಿದ್ದು ಭಾರವಾಗುತ್ತಿತ್ತು. ಲಾಡಿ ಬಿಗಿ ಕಟ್ಟಿದರೆ ಸೊಂಟದಲ್ಲಿ ಗೆರೆ ಬೀಳುತ್ತಿತ್ತು. ಅತ್ತೆ ಅದನ್ನು ನೋಡಿ, "ಕಾಲುವಿಗೆ ಕಲ್ಲು ಅಡ್ಡ ಇಟ್ರ ನೀರು ಮುಂದ ಹ್ಯಾಂಗ ಹೋಗಬೇಕು?" ಎಂದರು. ಲಿಂಫೆಡೀಮಾವನ್ನು ಇದಕ್ಕಿಂತ ಚೆನ್ನಾಗಿ ನನಗೆ ಯಾರೂ ಹೇಳಿರಲಿಲ್ಲ.

ಅತ್ತೆ ಹಳೆ ಸೀರೆಗಳನ್ನು ಪದರ ಹಾಕಿ ಕೌದಿ ಹೊಲಿಯುವವರು. ಕೂಸಿನ ಕೌದಿಗೆ ಒಳಮೈಯಲ್ಲಿ ಒಂದು ಹೊಲಿಗೆಯೂ ಕೈಗೆ ತಾಗದ ಹಾಗೆ ಹೊಲಿಯುತ್ತಾರೆ, ಕೂಸಿನ ಬೆನ್ನಿಗೆ ಒತ್ತಬಾರದೆಂದು. ನನ್ನ ಚಡ್ಡಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ನಾ ಹುಟ್ಟಿದಾಗಿಂದ ಇದನ್ನ ಹಾಕಿಲ್ಲ. ಆದ್ರ ಹ್ಯಾಂಗ ಹೊಲಿಬೇಕು ಅಂಬೋದು ನನಗ ಕಾಣಾಕತ್ತದ" ಎಂದು ಎದ್ದರು. ನಮ್ಮ ಅಂಗಡಿಯ ಪಕ್ಕದಲ್ಲಿ ಜಂಪರು ಹೊಲಿಯುವ ಶಮೀಮ್ ಆಪಾ ಇದ್ದಾರೆ. ಇಬ್ಬರೂ ಮಷೀನಿನ ಮುಂದೆ ತಲೆಗೆ ತಲೆ ಕೊಟ್ಟು ಕೂತರು.

ಮೊದಲನೆಯದು ಹೊಲಿದಾಗ ತೊಡೆಯ ಕಡೆ ಬಿಗಿ. ಎರಡನೆಯದು ಕೂತಾಗ ಸರಿ, ಎದ್ದಾಗ ಜಾರಿತು. ನಾನು ಬೇಸತ್ತು "ಬಿಡ್ರಿ, ಸಾಕು" ಎಂದೆ. ಶಮೀಮ್ ಆಪಾ ಬಾಯಲ್ಲಿದ್ದ ಪಿನ್ನು ತೆಗೆದು, "ಮದುವಿ ಜಂಪರ್ ನಾಕ್ ಸಲ ಬಿಚ್ಚಿ ಹೊಲಿತೀನಿ, ಇದು ಮೂರನೇದು ನೋಡ್ರಿ. ಖಾಮೋಶ್ ಕೂಡ್ರಿ" ಎಂದರು. ಟೇಪು ಹಿಡಿದು, ನಿಂತಾಗ ಒಂದು, ಕೂತಾಗ ಒಂದು, ಮುಂಜಾನೆ ಒಂದು, ಸಂಜೆ ಒಂದು ಎಂದು ಅಳತೆ ತೆಗೆದರು. ಎಡತೊಡೆಗೆ ಒಂದು ಅಳತೆ, ಬಲತೊಡೆಗೆ ಬೇರೆ. ಎರಡೂ ತೊಡೆ ಒಂದೇ ಎಂದು ಯಾರು ಹೇಳಿದ್ದರೋ.

ಮೂರನೆಯದು ಹೀಗಿತ್ತು. ಪಟ್ಟಾಪಟ್ಟಿಯಂತೆ ತೊಡೆಯ ಅರ್ಧದವರೆಗೆ ಉದ್ದ, ಬಟ್ಟೆ ಮಾತ್ರ ಎಳೆದರೆ ಹಿಗ್ಗುವ ಬನಿಯನ್ನಿನದು. ಮುಂದೆ ಬಾವು ಇರುವಲ್ಲಿ ಅತ್ತೆಯ ಹಳೆ ನೂಲಿನ ಸೀರೆಯ ಎರಡು ಪದರ, ಅಂಗೈ ಒಡ್ಡಿದಷ್ಟು. ಸೊಂಟಕ್ಕೆ ಲಾಡಿಯಿಲ್ಲ, ನಾಲ್ಕು ಬೆರಳಗಲದ ಮೆತ್ತನೆ ಪಟ್ಟಿ. ಹೊಲಿಗೆಯೆಲ್ಲ ಹೊರಗೆ. ಕಲಬುರಗಿಯ ಫಿಜಿಯೋಥೆರಪಿ ಹುಡುಗಿಗೆ ಒಯ್ದು ತೋರಿಸಿದಾಗ ಅವಳು ಒಳಗೆಲ್ಲ ಬೆರಳಾಡಿಸಿ ನೋಡಿ, ಹೊಲಿದವರು ಯಾರು ಎಂದು ಕೇಳಿದಳು.

ಅದನ್ನು ಹಾಕಿಕೊಂಡು ಅಂಗಡಿಗೆ ಹೋದ ದಿನ ಗಂಟೆಗೊಮ್ಮೆ ಎದ್ದು ಅಡ್ಡಾಡಿದೆ. ಕಾಲ ಕೆಳಗೆ ಯಜಮಾನರು ಒಂದು ಲೋಡು ದಿಂಬು ಇಟ್ಟುಕೊಟ್ಟಿದ್ದರು. ಸಂಜೆ ಎಂಟಕ್ಕೆ ಮನೆಗೆ ಬಂದು, ಬಿಚ್ಚಿ, ದೀಪದ ಹತ್ತಿರ ನಿಂತು ನೋಡಿಕೊಂಡೆ. ಗೆರೆ ಇರಲಿಲ್ಲ. "ಅತ್ತಿ, ಗೆರಿ ಇಲ್ಲ" ಎಂದು ಕೂಗಿ ಹೇಳಿದೆ.

ಕಾಲು ತೆಳ್ಳಗಾಯಿತು ಎಂದು ಯಾರೂ ತಿಳಿಯಬೇಡಿ. ಈಗಲೂ ಎಡಗಾಲು ಬೇರೆಯೇ. ಏಪ್ರಿಲ್ ಬಂತೆಂದರೆ ಬಿಗಿ ಸಾಕ್ಸು ಶಿಕ್ಷೆಯೇ. ಒಮ್ಮೆ ಮತ್ತೆ ಜ್ವರವೂ ಬಂದುಹೋಯಿತು. ಕೆಲವು ದಿನ ಸಿಟ್ಟು ಬಂದು ಕಾಲಿಗೇ ಬೈಯುತ್ತೇನೆ. ಆದರೆ ನನ್ನ ಜಾಗದಲ್ಲಿ ನಾನು ಕೂತಿದ್ದೇನೆ.

ಹಾಗೆ ಕೂತಿದ್ದ ಒಂದು ಮಧ್ಯಾಹ್ನ ಕೊಂಕಲ್‌ನ ಮಲ್ಲಮ್ಮ ಬಂದಳು. ಎರಡು ವರ್ಷವಾಗಿತ್ತು ನೋಡಿ. ಚಪ್ಪಲಿ ಬಿಟ್ಟು ಗಾದಿಗೆ ಬಂದು, ಒಂದೇ ಕಡೆ ವಾಲಿ ಕೂತಳು. ಹಾಗೆ ಕೂರುವುದು ಏಕೆಂದು ನನಗೆ ಗೊತ್ತಿತ್ತು. ಕಣ್ಣು ತಾನಾಗಿ ಅವಳ ಪಾದಕ್ಕೆ ಹೋಯಿತು. ಎಡಗಾಲಿನಲ್ಲಿ ಎರಡು ಬೆಳ್ಳಿ ಉಂಗುರ. ಸೀರೆಯಂಚು ಎಳೆದು ಅರ್ಧ ಮುಚ್ಚಿದ್ದ ಬಲಗಾಲು ಅಗಲವಾಗಿ ಊದಿತ್ತು, ಅದರ ಬೆರಳು ಖಾಲಿ.

"ಮನಿಯವರಿಗೆ ಪಟ್ಟಾಪಟ್ಟಿ ಬೇಕಿತ್ರಿ ಅಕ್ಕಾರ. ನೂರಾ ಹತ್ತರದು."

ಹೊರಗೆ ಬೈಕಿನ ಮೇಲೆ ಅವಳ ಮನೆಯವರು ಕಾಯುತ್ತಿದ್ದರು. ಅವರನ್ನು ನಾನು ನೋಡಿದ್ದು ಅವತ್ತೇ ಮೊದಲು. ಒಣಗಿದ ಜೋಳದ ದಂಟಿನಂಥ ಮನುಷ್ಯ. ನೂರಾ ಹತ್ತರ ಚಡ್ಡಿಯೊಳಗೆ ಅಂಥವರು ಇಬ್ಬರು ಹಿಡಿಯುತ್ತಿದ್ದರು.

ನನ್ನ ಎಡಗಾಲನ್ನು ಸೀರೆಯಿಂದ ಹೊರಗೆ ಚಾಚಿ ಅವಳ ಪಾದದ ಪಕ್ಕದಲ್ಲಿಟ್ಟೆ. ಮಲ್ಲಮ್ಮ ನನ್ನ ಉಂಗುರವಿಲ್ಲದ ಬೆರಳನ್ನು ನೋಡಿದಳು, ನನ್ನ ಮುಖ ನೋಡಿದಳು. ಗಲ್ಲಾದ ಹತ್ತಿರ ಕೂತಿದ್ದ ಯಜಮಾನರು ತಾವಾಗಿಯೇ ಎದ್ದು ಚಹಾ ಕುಡಿಯಲು ಹೋದರು.

ಡ್ರಾದಲ್ಲಿ ಇಟ್ಟಿದ್ದ ನನ್ನ ಇನ್ನೊಂದು ಚಡ್ಡಿ ತೆಗೆದು, ಟವೆಲ್ಲು ಮುಚ್ಚದೆ, ಗಾದಿಯ ಮೇಲೆ ಹರವಿದೆ. "ಇದು ನಾ ಹಾಕ್ಕೊಳ್ಳೋದು. ನಿಮಗ ಎಲ್ಲಿ ಕಚ್ಚತದ, ಹೇಳ್ರಿ."

ಅಷ್ಟು ವರ್ಷದಲ್ಲಿ ನಾನು ಯಾರಿಗೂ ಕೇಳದ ಪ್ರಶ್ನೆ ಅದು. ಮಲ್ಲಮ್ಮ ಹೊರಗೆ ಒಮ್ಮೆ ನೋಡಿ, ತೊಡೆಸಂದಿನ ಮೇಲೆ ಕೈ ಇಟ್ಟಳು. "ಇಲ್ಲಿ ರಿ. ಆನೆಕಾಲು ನಂದು. ಹದಿನಾಕ ವರ್ಷ ಆತು."

"ನಂದೂ ಅಂಥಾದ್ದ" ಎಂದೆ. ಆಪರೇಷನ್ ಮಾತು ಬಾಯಿಗೆ ಬರಲೇ ಇಲ್ಲ.

ಶಮೀಮ್ ಆಪಾ ಬಂದು, ಹಿಂದಿನ ಕೋಣೆಯ ಬಾಗಿಲು ಹಾಕಿ, ಅಳತೆ ತೆಗೆದುಕೊಂಡರು. ಮಲ್ಲಮ್ಮ ಬಟ್ಟೆಯ ಪದರಗಳನ್ನು ಬೆರಳಲ್ಲಿ ಹಿಸುಕಿ ಹಿಸುಕಿ ನೋಡಿದಳು. ಎಲ್ಲಿ ಒಣಗ ಹಾಕಬೇಕೆಂದೂ ಹೇಳಿದೆ. ಅದಕ್ಕೆ ಮಾತ್ರ ಅವಳು ತಲೆ ತಗ್ಗಿಸಿ ನಕ್ಕಳು. ವಾರ ಬಿಟ್ಟು ಬರುತ್ತೇನೆಂದು ಎದ್ದವಳು, ಮೆಟ್ಟಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತ ನಿಂತು, ಬೈಕಿನ ಕಡೆ ನೋಡಿದಳು.

"ಅಕ್ಕಾರ, ಒಂದೆರಡು ಪಟ್ಟಾಪಟ್ಟಿನೂ ಕೊಟ್ಟಬಿಡ್ರಿ. ಎಂಬತ್ತರದು."

"ಎಂಬತ್ತು ಯಾರಿಗೆ?"

"ಖರೇನ ಅವರಿಗೇ ರಿ" ಎಂದಳು ಮಲ್ಲಮ್ಮ. "ಅವರ ಹೆಸರ ಮ್ಯಾಲ ಇಷ್ಟ ವರ್ಷ ನಾ ಒಯ್ದೀನಿ. ಅವರ ಮೈ ಮ್ಯಾಲಿನವು ನೋಡಿದ್ರ ಹರದು ಚಿಂದಿ ಆಗ್ಯಾವ."